ಲೋಡ್ ಎಳೆಯುವ ಪಿಕಪ್‌ಗೆ ಯಾವ ಶಾಕ್, ಎಂಥ ಬ್ರೇಕ್?

ಸಿಂಧನೂರು, ಗಂಗಾವತಿ, ಸಿರುಗುಪ್ಪ, ಸಂಡೂರು ಕಡೆ ಪಿಕಪ್ ಇಟ್ಟುಕೊಂಡವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಅಣ್ಣಾ, ಹಿಂದ ಟ್ರೇಲರ್ ಎಳೀಬೇಕು, ಕಾಲುವೆ ದಂಡಿ ಮ್ಯಾಲೂ ಓಡಬೇಕು. ಲೋಡ್ ಹಾಕಿದ್ರ ಗಾಡಿ ಹಿಂದ ಕುಂದರತೈತಿ, ಬ್ರೇಕೂ ಸರಿಯಾಗಿ ಹಿಡಿಯಂಗಿಲ್ಲ. ಯಾವ ಕಂಪನಿ ಶಾಕ್ ಹಾಕಸ್ಲಿ?"

ಗಾಡಿ ಹಿಂದೆ ಕೂರುವುದಕ್ಕೂ ಶಾಕ್‌ಗೂ (ಶಾಕ್ ಅಬ್ಸಾರ್ಬರ್) ಸಂಬಂಧವಿಲ್ಲ. ಭಾರ ಹೊರುವುದು ಪಾಟಾ, ಅಂದರೆ ಒಂದರ ಮೇಲೊಂದು ಉಕ್ಕಿನ ಎಲೆ ಜೋಡಿಸಿದ ಲೀಫ್ ಸ್ಪ್ರಿಂಗ್. ಪಾಟಾ ಒಮ್ಮೆ ಕುಗ್ಗಿ ಎದ್ದ ಮೇಲೆ ಅದರ ಕುಣಿತ ನಿಲ್ಲಿಸುವುದಷ್ಟೇ ಶಾಕ್‌ನ ಕೆಲಸ. ಎಷ್ಟು ದುಡ್ಡಿನ ಶಾಕ್ ಹಾಕಿಸಿದರೂ ನಿಂತ ಗಾಡಿಯ ಹಿಂಭಾಗ ಮೇಲೇಳುವುದಿಲ್ಲ.

ಹಾಗಾಗಿ ಮೊದಲು ಹೋಗಬೇಕಾದದ್ದು ಸ್ಪೇರ್ ಅಂಗಡಿಗಲ್ಲ, ಗಾಡಿ ತೂಗುವ ಕಾಟಾಕ್ಕೆ. ನಮ್ಮ ಕಡೆ ರೈಸ್ ಮಿಲ್ ಇದ್ದಲ್ಲೆಲ್ಲ ಕಾಟಾ ಇದ್ದೇ ಇರುತ್ತದೆ. ದಿನವೂ ಹಾಕುವಷ್ಟೇ ಲೋಡ್ ಹಾಕಿ, ಟ್ರೇಲರ್ ಜೋಡಿಸಿಕೊಂಡೇ ಹೋಗಿ. ಮುಂದಿನ ಚಕ್ರಗಳನ್ನು ಮಾತ್ರ ಕಾಟಾ ಮೇಲೆ ನಿಲ್ಲಿಸಿ ಒಂದು ಚೀಟಿ, ಟ್ರೇಲರ್ ಹೊರಗುಳಿದು ಪಿಕಪ್ ಪೂರ್ತಿ ಮೇಲೆ ಬಂದಾಗ ಇನ್ನೊಂದು ಚೀಟಿ ತೆಗೆಸಿ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಹಿಂದಿನ ಆಕ್ಸಲ್ ಮೇಲಿನ ಭಾರ ಸಿಗುತ್ತದೆ. ಅದನ್ನು ಗಾಡಿಯ ಪ್ಲೇಟ್ ಅಥವಾ ಪುಸ್ತಕದಲ್ಲಿ ಕೊಟ್ಟ ಆಕ್ಸಲ್ ಮಿತಿಯ ಜತೆ ಹೋಲಿಸಿ. ಮಿತಿ ದಾಟಿದ್ದರೆ ಅದಕ್ಕೆ ಯಾವ ಸಾಮಾನೂ ಪರಿಹಾರವಲ್ಲ, ಲೋಡ್ ಇಳಿಸಲೇಬೇಕು. ಪಾಟಾ ಬಲಪಡಿಸಿದ ಮಾತ್ರಕ್ಕೆ ಆಕ್ಸಲ್, ಬೇರಿಂಗ್, ಬ್ರೇಕ್ ಬಲವಾಗುವುದಿಲ್ಲ.

ಟ್ರೇಲರ್ ಕೊಂಡಿಯ ಭಾರವನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಸಾವಿರ ಕೆಜಿ ಟ್ರೇಲರ್ ಆದರೆ ಕೊಂಡಿಯ ಮೇಲೆ ಸುಮಾರು 100 ಕೆಜಿ ಬೀಳುವಂತೆ ಲೋಡ್ ಜೋಡಿಸಬೇಕು. ಭಾರವೆಲ್ಲ ಟ್ರೇಲರ್‌ನ ಹಿಂಬದಿಗೆ ಹೋದರೆ ವೇಗದಲ್ಲಿ ಅದು ಅತ್ತಿತ್ತ ಬಾಲ ಬೀಸುತ್ತದೆ, ಅದನ್ನು ಯಾವ ಶಾಕೂ ತಡೆಯುವುದಿಲ್ಲ. ಚಕ್ರದಿಂದ ಚಕ್ರಕ್ಕೆ 3 ಮೀಟರ್ ಇರುವ ಗಾಡಿಯಲ್ಲಿ ಕೊಂಡಿ ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಹಿಂದಿದ್ದರೆ, ಆ 100 ಕೆಜಿ ಹಿಂದಿನ ಆಕ್ಸಲ್‌ಗೆ 140 ಕೆಜಿಯಾಗಿ ಬೀಳುತ್ತದೆ, ಮುಂದಿನ ಚಕ್ರದಿಂದ 40 ಕೆಜಿ ಎತ್ತಿಬಿಡುತ್ತದೆ. ಸ್ಟೇರಿಂಗ್ ತಿರುಗಿಸುವುದೂ ಬ್ರೇಕಿನ ಹೆಚ್ಚಿನ ಪಾಲು ಹಿಡಿಯುವುದೂ ಆ ಮುಂದಿನ ಚಕ್ರಗಳೇ.

ಭಾರ ಮಿತಿಯೊಳಗಿದ್ದೂ ಹಿಂದೆ ಕೂರುತ್ತಿದ್ದರೆ ಹಳೇ ಪಾಟಾ ದಣಿದಿದೆ ಅಥವಾ ಒಂದು ಎಲೆ ಮುರಿದಿದೆ ಎಂದರ್ಥ. ಸೆಟ್ ಬದಲಿಸಿ, ಇಲ್ಲವೇ ಒಂದು ಎಲೆ ಸೇರಿಸಿ. ಆದರೆ ಇಲ್ಲೇ ಒಂದು ದೊಡ್ಡ ಅಪಾಯ ಇದೆ. ಅನೇಕ ಪಿಕಪ್‌ಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲ್‌ಗೂ ನಡುವೆ ಸಣ್ಣ ಸಲಾಕೆ ಜೋಡಿಸಿದ ಎಲ್‌ಎಸ್‌ಪಿವಿ ಅನ್ನೋ ವಾಲ್ವ್ ಇರುತ್ತದೆ. ಗಾಡಿ ತಗ್ಗಿದರೆ ಲೋಡ್ ಇದೆ ಎಂದುಕೊಂಡು ಹಿಂದಿನ ಬ್ರೇಕ್‌ಗೆ ಹೆಚ್ಚು ಒತ್ತಡ ಬಿಡುತ್ತದೆ, ಎತ್ತರದಲ್ಲಿದ್ದರೆ ಖಾಲಿ ಎಂದು ಕಡಿಮೆ ಮಾಡುತ್ತದೆ. ಎಲೆ ಸೇರಿಸಿ ಗಾಡಿ ಎತ್ತರಿಸಿದ ಮೇಲೆ ಲೋಡ್ ತುಂಬಿದರೂ ಗಾಡಿ ಖಾಲಿ ಇದೆ ಎಂದೇ ವಾಲ್ವ್ ಲೆಕ್ಕ ಹಾಕುತ್ತದೆ. ಪಾಟಾ ಹಾಕಿಸಿದ ಮೇಲೆ ಬ್ರೇಕ್ ಕಮ್ಮಿ ಆಯ್ತು ಎನ್ನುವ ದೂರಿನ ಹಿಂದೆ ಬಹಳ ಸಲ ಇರುವುದು ಇದೇ. ಪಾಟಾ ಕೆಲಸ ಮಾಡಿದ ದಿನವೇ ಆ ಸಲಾಕೆಯನ್ನು ಕಂಪನಿ ಕೊಟ್ಟ ಅಳತೆಗೆ ಮತ್ತೆ ಹೊಂದಿಸಬೇಕು. ಸಲಾಕೆ ಬಿಚ್ಚಿ, ವಾಲ್ವ್ ಸದಾ ಪೂರ್ತಿ ಒತ್ತಡ ಬಿಡುವಂತೆ ತಂತಿಯಲ್ಲಿ ಕಟ್ಟಿಬಿಡುವ ಪದ್ಧತಿ ಕೆಲವೆಡೆ ಇದೆ. ದಯವಿಟ್ಟು ಹಾಗೆ ಮಾಡಿಸಬೇಡಿ. ಖಾಲಿ ಗಾಡಿ ಮಳೆಯಲ್ಲಿ ಬ್ರೇಕ್ ಹೊಡೆದಾಗ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗಿ ನಿಲ್ಲುತ್ತದೆ.

ಇನ್ನು ಶಾಕ್. ಕಾಲುವೆ ದಂಡೆಯ ಮೇಲೆ, ಗಣಿ ದಾರಿಗಳಲ್ಲಿ ಮಣ್ಣು ತಗಡಿನ ಶೀಟಿನಂತೆ ಅಲೆ ಅಲೆಯಾಗಿರುತ್ತದೆ. ಅಲೆಗಳ ನಡುವೆ ಮುಕ್ಕಾಲು ಮೀಟರ್ ಅಂತರವಿದ್ದು ಗಾಡಿ 40 ಕಿ.ಮೀ. ವೇಗದಲ್ಲಿದ್ದರೆ, ಸೆಕೆಂಡಿಗೆ ಸುಮಾರು 15 ಹೊಡೆತ. ಒಳಗಿನ ಎಣ್ಣೆ ಕಾಯುತ್ತದೆ. ಗ್ಯಾಸ್ ಇಲ್ಲದ ಸಾದಾ ಎರಡು ಕೊಳವೆಯ ಶಾಕ್‌ನಲ್ಲಿ ಎಣ್ಣೆಯೂ ಗಾಳಿಯೂ ಬೆರೆತು ನೊರೆಯಾಗುತ್ತದೆ, ನೊರೆಗೆ ತಡೆಯುವ ಶಕ್ತಿ ಇಲ್ಲ. ನೈಟ್ರೋಜನ್ ತುಂಬಿದ ಎರಡು ಕೊಳವೆಯದರಲ್ಲಿ ನೊರೆ ಬಹಳ ಕಡಿಮೆ. ಒಂದೇ ಕೊಳವೆಯ ಮೊನೊಟ್ಯೂಬ್‌ನಲ್ಲಿ ಗ್ಯಾಸ್ ಮತ್ತು ಎಣ್ಣೆಯ ನಡುವೆ ಬೇರೆ ಪಿಸ್ಟನ್ನೇ ಇರುತ್ತದೆ, ಹೊರಗೋಡೆಗೆ ಗಾಳಿ ತಾಕಿ ಬೇಗ ತಣಿಯುತ್ತದೆ. ಆದರೆ ಅದರ ಪಿಸ್ಟನ್ ಓಡುವುದು ಆ ಹೊರಗೋಡೆಯಲ್ಲೇ. ಕಲ್ಲು ಸಿಡಿದು ಒಂದು ನೆಗ್ಗು ಬಿದ್ದರೆ ಶಾಕ್ ಅಲ್ಲಿಗೇ ಮುಗಿಯಿತು. ಕಲ್ಲು ಸಿಡಿಯುವ ಸಂಡೂರಿನ ಗಣಿ ದಾರಿಗೂ ರಾಯಚೂರಿನ ಎರೆಹೊಲಕ್ಕೂ ದಪ್ಪ ಕೊಳವೆಯ, ಗ್ಯಾಸ್ ತುಂಬಿದ ಎರಡು ಕೊಳವೆಯ ಶಾಕ್ ಸಾಕು, ಅದೇ ಒಳ್ಳೆಯದು. ಯಾವ ಹೆಸರಿನದಾದರೂ ಸರಿ, ನಿಮ್ಮ ಗಾಡಿಯ ಮಾದರಿಗೇ ಮಾಡಿದ್ದಾಗಿರಬೇಕು, ಸೀಲ್ ಮತ್ತು ಬುಷ್ ಊರಲ್ಲೇ ಸಿಗಬೇಕು.

ಗಟ್ಟಿ ಶಾಕ್ ಹಾಕಿಸಿದರೆ ಗಟ್ಟಿ ಗಾಡಿ ಎನ್ನುವುದೂ ತಪ್ಪು ತಿಳುವಳಿಕೆ. ಪಾಟಾ ಹಳೆಯದೇ ಇದ್ದು ಶಾಕ್ ಮಾತ್ರ ಬಿಗಿಯಾದರೆ, ಒಂದು ಗುಂಡಿಯಲ್ಲಿ ಕುಗ್ಗಿದ ಪಾಟಾ ಮುಂದಿನ ಗುಂಡಿ ಬರುವಷ್ಟರಲ್ಲಿ ಪೂರ್ತಿ ಏಳುವುದಿಲ್ಲ. ಹೀಗೆ ನಾಲ್ಕೈದು ಗುಂಡಿ ದಾಟುವಷ್ಟರಲ್ಲಿ ಗಾಡಿ ತಗ್ಗಿ ತಗ್ಗಿ, ಆಕ್ಸಲ್ ಚಾಸಿಗೆ ತಾಕದಂತೆ ಇಟ್ಟಿರುವ ಬಂಪ್ ಸ್ಟಾಪ್ ರಬ್ಬರಿಗೆ ಬಡಿಯುತ್ತದೆ. ಎಲೆ ಸೇರಿಸಿದ್ದರೆ ಮಾತ್ರ ಅದಕ್ಕೆ ತಕ್ಕಂತೆ ಬಿಗಿ ಶಾಕ್ ಬೇಕು.

ಉದ್ದವನ್ನೂ ಅಳೆಯಿರಿ. ಆಕ್ಸಲ್ ಬಂಪ್ ಸ್ಟಾಪ್ ರಬ್ಬರನ್ನು ಪೂರ್ತಿ ಒತ್ತಿದಾಗ ಮೇಲಿನ ಬೋಲ್ಟ್‌ನಿಂದ ಕೆಳಗಿನ ಬೋಲ್ಟ್‌ಗೆ ಎಷ್ಟಿರುತ್ತದೋ, ಮುಚ್ಚಿದ ಶಾಕ್ ಅದಕ್ಕಿಂತ ಕನಿಷ್ಠ 10–12 ಮಿಲಿಮೀಟರ್ ಗಿಡ್ಡ ಇರಬೇಕು. ಗಾಡಿ ಎತ್ತರಿಸಿ ಹಳೇ ಶಾಕನ್ನೇ ಬಿಟ್ಟರೆ, ಚಕ್ರ ಜೋತುಬಿದ್ದಾಗಲೆಲ್ಲ ಶಾಕ್ ಪೂರ್ತಿ ಎಳೆದುಕೊಂಡು ಕೊನೆಗೆ ಅದರ ಕಣ್ಣೇ (ಬೋಲ್ಟ್ ಹಾಕುವ ಬಳೆ) ಕಿತ್ತುಬರುತ್ತದೆ. ಹೊಸದು ಕೂರಿಸುವಾಗ ರಬ್ಬರ್ ಬುಷ್‌ನ ಬೋಲ್ಟನ್ನು ಜಾಕ್ ಮೇಲೆ ಚಕ್ರ ಜೋತಿರುವಾಗ ಬಿಗಿಯಬಾರದು. ಗಾಡಿ ನೆಲಕ್ಕಿಳಿಸಿ, ಚಕ್ರದ ಮೇಲೆ ಭಾರ ಬಂದ ಮೇಲೆ ಕೊನೆಯ ಬಿಗಿ. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಶಾಕ್ ಸತ್ತಿದೆಯೋ ಬದುಕಿದೆಯೋ ನೋಡಲು ಸುಲಭದ ದಾರಿ: ಕೆಟ್ಟ ರಸ್ತೆಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಅಂಗೈ ಹತ್ತಿರ ಹಿಡಿದು ನೋಡಿ. ಮೂರು ಬಿಸಿಯಾಗಿ ಒಂದು ತಣ್ಣಗಿದ್ದರೆ ಆ ಒಂದು ಕೆಲಸ ಮಾಡುತ್ತಿಲ್ಲ.

ಬ್ರೇಕ್ ವಿಷಯ ಪೂರ್ತಿ ಶಾಖದ ಲೆಕ್ಕ. ಒಟ್ಟು 3 ಟನ್ ಗಾಡಿ 100 ಮೀಟರ್ ಎತ್ತರದ ಗುಡ್ಡವನ್ನು ಬರೀ ಬ್ರೇಕ್ ಮೇಲೆ ಇಳಿದರೆ ಸುಮಾರು 30 ಲಕ್ಷ ಜೌಲ್ ಶಾಖ ಹುಟ್ಟುತ್ತದೆ. ಡಿಸ್ಕ್, ಡ್ರಮ್ ಎಲ್ಲ ಸೇರಿ 40 ಕೆಜಿ ಕಬ್ಬಿಣ ಅಂತಿಟ್ಟುಕೊಂಡರೂ, ಆ ಶಾಖವೆಲ್ಲ ಅದರಲ್ಲೇ ಉಳಿದರೆ 160 ಡಿಗ್ರಿ ಏರುತ್ತದೆ. ಬಳ್ಳಾರಿ ಬೇಸಿಗೆಯ 40 ಡಿಗ್ರಿ ಮೊದಲೇ ಇದೆ, ಮುಂದಿನ ಡಿಸ್ಕ್‌ಗೆ ಸರಾಸರಿಗಿಂತ ಹೆಚ್ಚೇ ಬೀಳುತ್ತದೆ. ಡಾಟ್ 3 ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯುವ ಕನಿಷ್ಠ ಮಟ್ಟ 205 ಡಿಗ್ರಿ, ನೀರು ಹೀರಿದ ಮೇಲೆ 140. ಡಾಟ್ 4ಕ್ಕೆ 230 ಮತ್ತು 155. ಆಯಿಲ್ ಕುದ್ದು ಆವಿಯಾದರೆ ಪೆಡಲ್ ಸ್ಪಂಜಿನಂತೆ ಕೆಳಗಿಳಿಯುತ್ತದೆ. ಲೋಡ್ ಎಳೆಯುವವರು ಗಾಡಿ ಪುಸ್ತಕ ಒಪ್ಪಿದರೆ ಡಾಟ್ 4 ಹಾಕಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ ಗಾಳಿ ತೆಗೆಸಿ. ಡಾಟ್ 5 ಸಿಲಿಕೋನ್ ಆಯಿಲ್, ಅದನ್ನು ಇವುಗಳ ಜತೆ ಬೆರೆಸಬಾರದು.

ಪ್ಯಾಡ್ ಸೆಮಿ ಮೆಟಾಲಿಕ್ ಇರಲಿ, ಶಾಖ ತಡೆಯುತ್ತದೆ. ಡಿಸ್ಕ್ ಸ್ವಲ್ಪ ಬೇಗ ಸವೆಯುತ್ತದೆ, ಅದನ್ನು ಒಪ್ಪಿಕೊಳ್ಳಿ. ಕೆಲವು ಪ್ಯಾಡ್‌ಗಳ ಅಂಚಿನಲ್ಲಿ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ: ಮೊದಲನೆಯದು ತಣ್ಣಗಿದ್ದಾಗಿನ ಹಿಡಿತ, ಎರಡನೆಯದು ಕಾದಾಗಿನದು. ಇ ಗಿಂತ ಎಫ್, ಎಫ್ ಗಿಂತ ಜಿ ಹೆಚ್ಚು. ಎರಡನೆಯ ಅಕ್ಷರ ಇಳಿದಿದ್ದರೆ ಲೋಡ್ ಗಾಡಿಗೆ ಬೇಡ. ತೂತು ಕೊರೆದ ಡಿಸ್ಕ್ ನೋಡಲು ಚಂದ, ಭಾರ ಎಳೆದಾಗ ತೂತಿನಿಂದಲೇ ಬಿರುಕು ಬಿಡುತ್ತದೆ.

ಹಿಂದಿನ ಡ್ರಮ್ಮನ್ನು ಕೆಡಿಸುವುದು ನಮ್ಮ ಎರೆಮಣ್ಣು. ಭತ್ತದ ಗದ್ದೆಯ ಕೆಸರು ಒಳಗೆ ಹೋಗಿ ಒಣಗಿ ಲೈನರ್ ತಿನ್ನುತ್ತದೆ, ಅಡ್ಜಸ್ಟರ್ ಬಿಗಿದು ನಿಲ್ಲುತ್ತದೆ. ಕೊಯ್ಲು ಮುಗಿದ ಕೂಡಲೇ ಡ್ರಮ್ ಬಿಚ್ಚಿಸಿ, ವೀಲ್ ಸಿಲಿಂಡರ್ ಸೋರುತ್ತಿದೆಯೇ ನೋಡಿಸಿ. ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ; ಹಳೇ ಲೈನರ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ ಮೇಲೆ ಕೊರೆದ ಗರಿಷ್ಠ ವ್ಯಾಸ ದಾಟಿದ್ದರೆ ಲೇತ್‌ಗೆ ಕೊಡಬೇಡಿ, ಹೊಸದೇ ಹಾಕಿ.

ಹೊಸ ಪ್ಯಾಡ್ ಹಾಕಿದ ದಿನ ಖಾಲಿ ರಸ್ತೆಯಲ್ಲಿ 60ರಿಂದ 10 ಕಿ.ಮೀ.ಗೆ ಎಂಟು ಹತ್ತು ಸಲ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ ಹತ್ತು ನಿಮಿಷ ಓಡಿಸಿ ತಣಿಸಿ. ಇಳಿಜಾರು ಶುರುವಾಗುವ ಮೊದಲೇ ಕೆಳ ಗೇರ್ ಹಾಕಿ. ಡೀಸೆಲ್ ಉಳಿಸಲು ಇಂಜಿನ್ ಬಂದ್ ಮಾಡಿ ಇಳಿದರೆ ಎರಡು ಮೂರು ಸಲ ಪೆಡಲ್ ಒತ್ತುವಷ್ಟರಲ್ಲಿ ಬ್ರೇಕ್ ಹಗುರ ಮಾಡುವ ಬೂಸ್ಟರ್ ಖಾಲಿ.

ಟ್ರೇಲರ್ ಲೋಡ್ ಸೇರಿ 750 ಕೆಜಿ ದಾಟಿದರೆ ಅದಕ್ಕೆ ಸ್ವಂತ ಬ್ರೇಕ್ ಇರಲಿ. ಯುರೋಪಿನಲ್ಲಿ ಇದು ಕಡ್ಡಾಯ. ಕೊಂಡಿಯ ಒತ್ತಡದಿಂದಲೇ ಹಿಡಿಯುವ ಓವರ್‌ರನ್ ಬ್ರೇಕ್ ಸರಳ, ವೈರಿಂಗ್ ಬೇಕಿಲ್ಲ. ಸುರಕ್ಷತಾ ಸರಪಳಿ ಎರಡನ್ನೂ ಕೊಂಡಿಯ ಕೆಳಗೆ ಅಡ್ಡಹಾಯಿಸಿ ಕಟ್ಟಿ. ಕೊಂಡಿ ಕಳಚಿದರೆ ಟ್ರೇಲರ್ ಮೂತಿ ನೆಲಕ್ಕೆ ಬೀಳದೆ ಸರಪಳಿಯ ಮೇಲೆ ನಿಲ್ಲುತ್ತದೆ.