ಡ್ರೈವರ್ ಇತ್ತು, ಪೈಥಾನ್‌ಗೆ ಕಾಣಲಿಲ್ಲ

ಒಂದು ಪತ್ತಿನ ಸಹಕಾರ ಸಂಘಕ್ಕೆ ಸುಸ್ತಿದಾರರ ಪಟ್ಟಿ ತೆಗೆದುಕೊಡುವ ಕೆಲಸ. ಸಾಲದ ಲೆಕ್ಕವೆಲ್ಲ ಮೈಕ್ರೋಸಾಫ್ಟಿನ ಡೇಟಾಬೇಸ್ ಪ್ರೋಗ್ರಾಂ ಆದ ಆಕ್ಸೆಸ್‌ನ ಹಳೆಯ ಫೈಲಿನಲ್ಲಿತ್ತು. ಯಾರದ್ದು ಎಷ್ಟು ಕಂತು ಬಾಕಿ, ಎಷ್ಟು ದಿನದಿಂದ, ಜಾಮೀನು ಯಾರದ್ದು, ಇಷ್ಟನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎತ್ತಿ ಎಕ್ಸೆಲ್ ಮಾಡಿಕೊಡಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಚೆನ್ನಾಗಿ ನಡೆದಿತ್ತು. ಸಂಘದ ಕಂಪ್ಯೂಟರಿಗೆ ಹಾಕಿದೆ. ಮೊದಲ ಸಾಲಿಗೇ ನಿಂತುಹೋಯಿತು. ಐಎಂ002 ಎಂಬ ಎರರ್. ಡೇಟಾ ಸೋರ್ಸ್ ಹೆಸರು ಸಿಗಲಿಲ್ಲ, ಡೀಫಾಲ್ಟ್ ಡ್ರೈವರ್ ಯಾವುದೂ ಇಲ್ಲ ಅಂತ ಅದರ ಅರ್ಥ. ಡ್ರೈವರ್ ಅಂದರೆ ಒಂದು ಬಗೆಯ ಡೇಟಾಬೇಸನ್ನು ಓದಿಕೊಡುವ ಸಾಫ್ಟ್‌ವೇರ್.

ನಾನು ಆ ಎರರ್‌ನ ಮೊದಲರ್ಧವನ್ನಷ್ಟೇ ಹಿಡಿದುಕೊಂಡೆ. ಹೆಸರು ಸಿಗಲಿಲ್ಲ ಅಂದರೆ ಫೈಲಿನ ಹೆಸರೇ ಇರಬೇಕು ಅಂದುಕೊಂಡೆ. ಫೋಲ್ಡರ್ ಬದಲಿಸಿದೆ. ಫೈಲನ್ನು ಡಿ ಡ್ರೈವಿಗೆ ತಂದೆ. ಪಾಸ್‌ವರ್ಡ್ ಇನ್ನೊಮ್ಮೆ ಕೇಳಿದೆ. ಪೈಥಾನ್‌ನಿಂದ ಡೇಟಾಬೇಸ್ ತಲುಪಲು ಬಳಸುವ ಪೈಒಡಿಬಿಸಿ ಎಂಬ ಲೈಬ್ರರಿ ತೆಗೆದು ಮತ್ತೆ ಹಾಕಿದೆ, ಮೂರು ಸಲ. ಗುಮಾಸ್ತರು ಚಹಾ ತಂದಿಟ್ಟು "ಪಟ್ಟಿ ಬಂತಾ ಸರ್? ನಾಡಿದ್ದು ಆಡಿಟ್ ಇದೆ" ಅಂತ ಕೇಳಿ ಹೋದರು. ಅಷ್ಟರಲ್ಲಿ ಅರ್ಧ ದಿನ ಮುಗಿದಿತ್ತು.

ಕೊನೆಗೆ ನಮ್ಮ ಸೀನಿಯರ್‌ಗೆ ಫೋನ್ ಮಾಡಿದೆ. ಅವರು ಕೋಡಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಆ ಪೈಥಾನ್‌ಗೆ ಯಾವ ಯಾವ ಡ್ರೈವರ್ ಕಾಣ್ತಿದೆ ಅಂತ ಅದನ್ನೇ ಕೇಳಪ್ಪ. ಆಮೇಲೆ ಮಾತಾಡೋಣ" ಅಂದರು.

ಪೈಒಡಿಬಿಸಿಯಲ್ಲಿ ಡ್ರೈವರ್ಸ್ ಅಂತ ಒಂದು ಫಂಕ್ಷನ್ ಇದೆ. ಓಡಿಸಿದೆ. ಚೌಕ ಕಂಸದೊಳಗೆ ಒಂದೇ ಒಂದು ಹೆಸರು ಬಂತು: ಎಸ್‌ಕ್ಯೂಎಲ್ ಸರ್ವರ್, ಮೈಕ್ರೋಸಾಫ್ಟಿನ ಇನ್ನೊಂದು ಡೇಟಾಬೇಸ್. ಆಕ್ಸೆಸ್ ಎಂಬ ಪದವೇ ಇಲ್ಲ. ಅದೇ ಕಂಪ್ಯೂಟರಿನಲ್ಲಿ ಗುಮಾಸ್ತರು ದಿನವೂ ಆಕ್ಸೆಸ್ ತೆರೆದು ಕೆಲಸ ಮಾಡುತ್ತಾರೆ, ಡ್ರೈವರ್ ಇಲ್ಲದಿರಲು ಹೇಗೆ ಸಾಧ್ಯ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಹೊಸದಾಗಿ ಕೆಲಸಕ್ಕೆ ಬಂದವರೆಲ್ಲ ಎಡವುವುದು ಇಲ್ಲೇ. ಪೈಒಡಿಬಿಸಿ ಅನ್ನುವುದು ಡ್ರೈವರ್ ಅಲ್ಲ. ಅದು ಪೈಥಾನ್ ಮತ್ತು ಒಡಿಬಿಸಿ ನಡುವಿನ ಸೇತುವೆ ಅಷ್ಟೇ. ಒಡಿಬಿಸಿ ಅಂದರೆ ಪ್ರೋಗ್ರಾಂಗಳು ಬೇರೆ ಬೇರೆ ಡೇಟಾಬೇಸಿನ ಜೊತೆ ಮಾತಾಡಲು ಇರುವ ಒಂದೇ ಪದ್ಧತಿ. ನಮ್ಮ ಕೋಡು ಪೈಒಡಿಬಿಸಿಗೆ ಹೇಳುತ್ತದೆ, ಅದು ವಿಂಡೋಸ್‌ನ ಡ್ರೈವರ್ ಮ್ಯಾನೇಜರ್‌ಗೆ ಹೇಳುತ್ತದೆ, ಮ್ಯಾನೇಜರ್ ಹೆಸರು ನೋಡಿ ಸರಿಯಾದ ಡ್ರೈವರನ್ನು ಕರೆಯುತ್ತದೆ. ಫೈಲನ್ನು ನಿಜವಾಗಿ ಓದುವುದು ಆ ಕೊನೆಯ ಡ್ರೈವರ್. ಪೈಥಾನ್ ಲೈಬ್ರರಿಗಳನ್ನು ಹಾಕುವ ಪಿಪ್ ಕಮಾಂಡ್ ಕೊಟ್ಟರೆ ಬರುವುದು ಸೇತುವೆ ಮಾತ್ರ. ಡ್ರೈವರನ್ನು ನಾವೇ ಬೇರೆಯಾಗಿ ಹಾಕಬೇಕು.

ಇನ್ನೊಂದು ಮಾತಿದೆ. ಡ್ರೈವರ್ ಎಲ್ಲೋ ಪ್ರತ್ಯೇಕವಾಗಿ ಓಡುವ ಪ್ರೋಗ್ರಾಂ ಅಲ್ಲ. ಅದೊಂದು ಡಿಎಲ್‌ಎಲ್, ಅಂದರೆ ಬೇರೆ ಪ್ರೋಗ್ರಾಂ ತನ್ನೊಳಗೆ ಸೇರಿಸಿಕೊಂಡು ಬಳಸುವ ಕೋಡಿನ ಫೈಲ್. ನಮ್ಮ ಪೈಥಾನ್ ಓಡುತ್ತಿರುವ ಪ್ರೋಸೆಸ್ಸಿನ ಒಳಗೇ ಬಂದು ಕೂರುತ್ತದೆ. ಪ್ರೋಗ್ರಾಂಗಳಲ್ಲಿ 32 ಬಿಟ್, 64 ಬಿಟ್ ಅಂತ ಎರಡು ಬಗೆ. 64 ಬಿಟ್ ಪ್ರೋಸೆಸ್ಸಿನೊಳಗೆ 32 ಬಿಟ್ ಡಿಎಲ್‌ಎಲ್ ಕೂರಲಾರದು. ಸಂಘದಲ್ಲಿದ್ದದ್ದು ಆಫೀಸ್ 2010, ಅದೂ 32 ಬಿಟ್. ನಾನು ಹಾಕಿದ್ದ ಪೈಥಾನ್ 64 ಬಿಟ್. ಹಾಗಾಗಿ ಡ್ರೈವರ್ ಅದೇ ಡಿಸ್ಕಿನಲ್ಲಿದ್ದರೂ ನನ್ನ ಪೈಥಾನ್ ಪಾಲಿಗೆ ಇಲ್ಲದಂತೆಯೇ. ನನ್ನ ಲ್ಯಾಪ್‌ಟಾಪಿನಲ್ಲಿ ನಡೆದದ್ದು ಯಾಕೆ? ಎಂದೋ ಬೇರೆ ಕೆಲಸಕ್ಕೆ ಅಂತ 64 ಬಿಟ್ ಆಕ್ಸೆಸ್ ಎಂಜಿನ್, ಅಂದರೆ ಆಕ್ಸೆಸ್ ಡ್ರೈವರ್ ಒಳಗೊಂಡ ಪ್ಯಾಕೇಜ್, ಹಾಕಿದ್ದೆ. ಅದು ನೆನಪೇ ಇರಲಿಲ್ಲ.

ಕಣ್ಣಾರೆ ನೋಡೋಣ ಅಂತ ವಿಂಡೋಸ್‌ನ ಒಡಿಬಿಸಿ ಕಿಟಕಿ ತೆರೆದೆ. ಅದರಲ್ಲಿ ಎರಡು ಇವೆ, ಒಂದು 32 ಬಿಟ್, ಒಂದು 64 ಬಿಟ್. ಎರಡರದ್ದೂ ಫೈಲ್ ಹೆಸರು ಒಂದೇ, ಒಡಿಬಿಸಿಎಡಿ32. ಸಿಸ್ಟಂ32 ಫೋಲ್ಡರಿನಲ್ಲಿರುವುದು 64 ಬಿಟ್ಟಿನದ್ದು, ಸಿಸ್‌ವಾವ್64 ಫೋಲ್ಡರಿನಲ್ಲಿರುವುದು 32 ಬಿಟ್ಟಿನದ್ದು. ಹೌದು, ಹೆಸರಿಗೆ ತದ್ವಿರುದ್ಧ. 64 ಬಿಟ್ ವಿಂಡೋಸ್ ಮೇಲೆ 32 ಬಿಟ್ ಪ್ರೋಗ್ರಾಂ ಓಡಿಸುವ ಏರ್ಪಾಡಿಗೆ ವಾವ್64 ಅಂತ ಹೆಸರು, ಅದರಿಂದ ಹೀಗಾಗಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಡ್ರೈವರ್ಸ್ ಟ್ಯಾಬ್ ನೋಡಿದೆ. ಒಂದರಲ್ಲಿ ಉದ್ದನೆಯ ಪಟ್ಟಿ, ಅದರಲ್ಲಿ ಆಕ್ಸೆಸ್ ಕೂಡ ಇದೆ. ಇನ್ನೊಂದರಲ್ಲಿ ಒಂದೇ ಸಾಲು.

ಸರಿ, 64 ಬಿಟ್ ಆಕ್ಸೆಸ್ ಎಂಜಿನ್ ಹಾಕೋಣ ಅಂತ ಹೊರಟೆ. 32 ಬಿಟ್ ಆಫೀಸ್ ಇದೆ, ಅದನ್ನು ತೆಗೆಯುವ ತನಕ ಆಗುವುದಿಲ್ಲ ಅಂತ ಇನ್‌ಸ್ಟಾಲರ್ ತಡೆಯಿತು. ಆ ತಡೆ ದಾಟಿಸುವ ಉಪಾಯ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ, ಕಮಾಂಡ್ ಸಾಲಿನಿಂದ ಸುಮ್ನೆ ಹಾಕಿಬಿಡುವುದು. ನಾನು ಮಾಡಲಿಲ್ಲ. ಅದು ನನ್ನ ಕಂಪ್ಯೂಟರ್ ಅಲ್ಲ, ಊರಿನ ಜನರ ಸಾಲದ ಲೆಕ್ಕ ಇರುವ ಕಂಪ್ಯೂಟರ್. ಆಡಿಟ್ ಹತ್ತಿರ ಇರುವಾಗ ಅಲ್ಲಿ ಆಫೀಸ್ ಕೈಕೊಟ್ಟರೆ ಏನು ಮಾಡುವುದು? ಅದರ ಬದಲು ಬೇರೆ ಫೋಲ್ಡರಿನಲ್ಲಿ 32 ಬಿಟ್ ಪೈಥಾನ್ ಹಾಕಿ, ಅದಕ್ಕೇ ಪೈಒಡಿಬಿಸಿ ಸೇರಿಸಿದೆ. ಡ್ರೈವರ್ಸ್ ಓಡಿಸಿದಾಗ ಪಟ್ಟಿ ಉದ್ದ ಬಂತು. ಆಕ್ಸೆಸ್ ಹೆಸರನ್ನು ಅಲ್ಲಿಂದಲೇ ಕಾಪಿ ಮಾಡಿ ಕೋಡಿಗೆ ಹಾಕಿದೆ. ಆ ಹೆಸರಿನ ಕಂಸದೊಳಗೆ ಅಲ್ಪವಿರಾಮದ ನಂತರ ಒಂದು ಖಾಲಿ ಜಾಗ ಇದೆ, ಅದು ತಪ್ಪಿದರೂ ಮತ್ತೆ ಅದೇ ಐಎಂ002. ಕೈಯಲ್ಲಿ ಟೈಪ್ ಮಾಡಬೇಡಿ.

ಕನೆಕ್ಟ್ ಆಯಿತು. ಆದರೆ ಸದಸ್ಯರ ಹೆಸರಿನ ಜಾಗದಲ್ಲಿ ತಲೆಯ ಮೇಲೆ ಚುಕ್ಕೆ, ಗೆರೆ ಇರುವ ಇಂಗ್ಲಿಷ್ ಅಕ್ಷರಗಳ ರಾಶಿ. ಡ್ರೈವರೇ ಕೆಟ್ಟಿದೆ ಅಂತ ಒಂದು ಕ್ಷಣ ಅನ್ನಿಸಿತು. ಗುಮಾಸ್ತರು ಆಕ್ಸೆಸ್‌ನಲ್ಲಿ ಅದೇ ಕಾಲಂ ತೋರಿಸಿದರು, ಅಚ್ಚ ಕನ್ನಡ. ಫಾಂಟ್ ಏರಿಯಲ್ ಅಂತ ಬದಲಿಸಿ ನೋಡಿದೆ. ಅದೇ ರಾಶಿ ಅಲ್ಲೂ ಬಂತು. ಹೆಸರುಗಳನ್ನು ತುಂಬಿದ್ದು ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ, ಯೂನಿಕೋಡ್‌ನಲ್ಲಿ ಅಲ್ಲ. ಅಂಥ ಫಾಂಟಿನಲ್ಲಿ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳೇ, ಅವನ್ನು ಕನ್ನಡವಾಗಿ ತೋರಿಸುವುದು ಫಾಂಟ್. ಡ್ರೈವರ್ ಇದ್ದದ್ದನ್ನು ಇದ್ದ ಹಾಗೇ ತಂದುಕೊಟ್ಟಿತ್ತು. ಆ ಕಾಲಂ ಒಂದನ್ನು ಯೂನಿಕೋಡ್‌ಗೆ ಬದಲಿಸಿದ ಮೇಲೆ ಹೆಸರುಗಳು ಓದುವಂತಾದವು.

ಮುಂದೆ ಬೇರೊಂದು ಕೆಲಸದಲ್ಲಿ ಉಬುಂಟು ಎಂಬ ಲಿನಕ್ಸ್ ಸರ್ವರಿನಿಂದ ಎಸ್‌ಕ್ಯೂಎಲ್ ಸರ್ವರ್‌ಗೆ ಕನೆಕ್ಟ್ ಮಾಡಬೇಕಿತ್ತು. ಡ್ರೈವರ್ 17ರ ಲೈಬ್ರರಿ ತೆರೆಯಲಾಗಲಿಲ್ಲ, ಫೈಲ್ ಇಲ್ಲ ಅಂತ ಎರರ್ ಬಂತು. ಈ ಸಲ ಮೊದಲೇ ಕೋಡು ಮುಟ್ಟಲು ಹೋಗಲಿಲ್ಲ. ಒಡಿಬಿಸಿಇನ್‌ಸ್ಟ್ ಕಮಾಂಡಿನಿಂದ ಡ್ರೈವರ್‌ಗಳ ಪಟ್ಟಿ ಕೇಳಿದೆ, ಅಲ್ಲಿದ್ದದ್ದು 18. ಕೋಡಿನಲ್ಲಿ ಸಂಖ್ಯೆ ತಿದ್ದಿದ ಮೇಲೆ ಸರ್ವರಿನ ಗುರುತನ್ನು ಖಾತ್ರಿಪಡಿಸುವ ಸರ್ಟಿಫಿಕೇಟ್ ಬಗ್ಗೆ ತಕರಾರು ಶುರುವಾಯಿತು, 18ರಿಂದ ಎನ್‌ಕ್ರಿಪ್ಶನ್ ತಾನಾಗಿಯೇ ಆನ್ ಇರುತ್ತದೆ. ಸರ್ವರ್ ನೋಡಿಕೊಳ್ಳುವವರಿಂದ ಸರಿಯಾದ ಸರ್ಟಿಫಿಕೇಟ್ ಹಾಕಿಸಿಕೊಂಡೆವು. ಪರಿಶೀಲನೆ ಬೇಡ ಅಂತ ಒಂದು ಪದ ಬರೆದು ದಾಟಿಬಿಡುವುದು ಸುಲಭ, ಆದರೆ ಹಣದ ಲೆಕ್ಕ ಹೋಗುವ ದಾರಿಯಲ್ಲಿ ಅದನ್ನು ಬರೆಯಲು ನನಗೆ ಮನಸ್ಸಿಲ್ಲ.

ಈಗ ನಾನು ಬರೆಯುವ ಪ್ರತಿಯೊಂದು ಸ್ಕ್ರಿಪ್ಟೂ ಕನೆಕ್ಟ್ ಮಾಡುವ ಮೊದಲು ಎರಡು ಸಾಲು ಲಾಗ್ ಫೈಲಿಗೆ ಬರೆಯುತ್ತದೆ. ಪೈಥಾನ್ ಎಷ್ಟು ಬಿಟ್ಟಿನದ್ದು, ಅದಕ್ಕೆ ಕಾಣುವ ಡ್ರೈವರ್ ಯಾವುವು. ಆ ಸಂಘದಿಂದ ಫೋನ್ ಬಂದರೆ ಗುಮಾಸ್ತರು ಈಗ ಆ ಎರಡು ಸಾಲನ್ನೇ ಮೊದಲು ಓದಿ ಹೇಳುತ್ತಾರೆ.