ನಮ್ಮ ದಾರಿಗೆ ತಿರುಗದ ಬಸ್ಸು

ಭಾನುವಾರ ಕೊಡಗಿನ ಸಿದ್ದಾಪುರದ ಸಂತೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆ. ವಿರಾಜಪೇಟೆ ಕಡೆಯ ಸರ್ಕಾರಿ ಬಸ್ಸು ಬಂದು ನಿಂತಿತು. ಪಕ್ಕದಲ್ಲಿದ್ದ ಹೆಂಗಸು ಕದಲಲಿಲ್ಲ. ಐವತ್ತು ದಾಟಿರಬೇಕು. ಬೆರಳುಗಳ ತುಂಬ ಕಾಫಿ ಹಣ್ಣು ಕುಯ್ದ ಕಪ್ಪು ಕಲೆ, ಕಾಲ ಬಳಿ ಸಂತೆ ಚೀಲ.

"ಹತ್ತಿ ಅಕ್ಕ, ನಿಮಗೆ ಫ್ರೀ ಅಲ್ವಾ?" ಎಂದೆ.

"ಫ್ರೀ ಬಸ್ಸು ನಮ್ಮ ದಾರಿಗೆ ತಿರುಗೋದಿಲ್ಲ ಅಣ್ಣ" ಎಂದರು.

ಅದರಲ್ಲಿ ದೂರಿನ ದನಿ ಇರಲಿಲ್ಲ. ಇವತ್ತು ಬಿಸಿಲು ಜಾಸ್ತಿ ಅಂದ ಹಾಗೆ ಅಂದರು ಅಷ್ಟೆ. ಸ್ವಲ್ಪ ಹೊತ್ತಿಗೆ ಪ್ರೈವೇಟ್ ಬಸ್ಸು ಬಂತು. ಸೆರಗಿನ ಗಂಟು ಬಿಚ್ಚಿ ಇಪ್ಪತ್ತರ ನೋಟು ತೆಗೆದು ಹತ್ತಿದರು.

ವರ್ಷದ ಕೊನೆಗೆ ರಾಜ್ಯ ರಾಜಕೀಯದ ಬಗ್ಗೆ ಒಂದು ಬರಹ ಬರೆಯುವುದು ನನಗೆ ರೂಢಿ. 2023ರದ್ದು ಅರ್ಧ ಬರೆದಾಗಿತ್ತು. ಮೇ 13ರ ಫಲಿತಾಂಶ: ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಮುಖ್ಯಮಂತ್ರಿ ಯಾರು ಎಂದು ದೆಹಲಿಯಲ್ಲಿ ನಡೆದ ಜಗ್ಗಾಟ. ಆರು ತಿಂಗಳು ವಿರೋಧ ಪಕ್ಷದ ನಾಯಕನೇ ಇಲ್ಲದ ವಿಧಾನಸಭೆ. ಸೆಪ್ಟೆಂಬರಿನಲ್ಲಿ ಬಿಜೆಪಿ ಜೊತೆ ಕೈಜೋಡಿಸಿದ ಜೆಡಿಎಸ್. ನಮ್ಮ ಜಿಲ್ಲೆಯಲ್ಲಂತೂ 2008ರಿಂದ ಎರಡೂ ಕ್ಷೇತ್ರ ಹಿಡಿದಿಟ್ಟುಕೊಂಡಿದ್ದ ಬಿಜೆಪಿ ಎರಡನ್ನೂ ಕಳೆದುಕೊಂಡಿತು. ಬಿಜೆಪಿಯ ಬೋಪಯ್ಯ, ಅಪ್ಪಚ್ಚು ರಂಜನ್ ಸೋತು ಕಾಂಗ್ರೆಸ್ಸಿನ ಪೊನ್ನಣ್ಣ, ಮಂತರ್ ಗೌಡ ಗೆದ್ದರು. ಎರಡೂ ಕಡೆ ಅಂತರ ಐದು ಸಾವಿರದೊಳಗೆ. ಅಂದು ರಾತ್ರಿ ಮಡಿಕೇರಿಯಲ್ಲಿ ಪಟಾಕಿ ಸದ್ದು ಕೇಳುತ್ತ ನಾನೂ ಸಂಭ್ರಮಿಸಿದ್ದೆ, ಮುಚ್ಚಿಡುವುದೇನಿದೆ.

ಸಂತೆಯಿಂದ ಬಂದು ಬರಹ ಮುಂದುವರಿಸೋಣವೆಂದು ಕೂತರೆ ಆ ಮಾತೇ ಅಡ್ಡ ಬಂತು. ತಿರುಗೋದಿಲ್ಲ ಅಣ್ಣ.

ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಒಳ್ಳೆಯದು. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಜೂನ್ 11ಕ್ಕೆ ಶುರುವಾಗಿ ನವೆಂಬರಿನಲ್ಲಿ 100 ಕೋಟಿ ಪ್ರಯಾಣ ದಾಟಿತು. ಕುಶಾಲನಗರದಲ್ಲಿರುವ ನನ್ನ ತಂಗಿ ಮೈಸೂರಿಗೆ ಕಣ್ಣು ತೋರಿಸಲು ಹೋಗುವುದನ್ನು ಎರಡು ವರ್ಷದಿಂದ ಮುಂದೂಡುತ್ತಿದ್ದವಳು ಜುಲೈನಲ್ಲಿ ಒಬ್ಬಳೇ ಹೋಗಿ ಬಂದಳು. ಚಹಾದಂಗಡಿಯಲ್ಲಿ ಕೂತು "ಬಿಟ್ಟಿ ಕೊಟ್ಟು ಕೆಲಸದವರನ್ನು ಹಾಳು ಮಾಡಿದರು" ಎನ್ನುವ ತೋಟದ ಮಾಲೀಕರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೆಲಸದವರಿಗೆ ಕೊಟ್ಟ ತಮ್ಮ ಲೈನ್ ಮನೆಗಳ ಸೂರಿನಿಂದ ಮಳೆ ಸೋರುವುದು ಅವರ ಕಣ್ಣಿಗೆ ಬೀಳುವುದಿಲ್ಲ.

ಆದರೆ ಉಚಿತ ಇರುವುದು ಸರ್ಕಾರಿ ಬಸ್ಸಿನಲ್ಲಿ. ರೈಲೇ ಇಲ್ಲದ ಈ ಜಿಲ್ಲೆಯಲ್ಲಿ ಒಳದಾರಿಗಳಿಗೆ ಬರುವುದು ಹೆಚ್ಚಾಗಿ ಪ್ರೈವೇಟ್ ಬಸ್ಸು, ಇಲ್ಲವೇ ಜೀಪು. ಬೆಂಗಳೂರಿನಲ್ಲಿ ಕೂತು ಯೋಜನೆ ಬರೆದವರು ಇದನ್ನು ಕೇಳಿಕೊಳ್ಳಬೇಕಿತ್ತು. ಬೆಂಗಳೂರಿನವರನ್ನೇ ಅನ್ನುವುದೇಕೆ, ವರ್ಷವಿಡೀ ರಾಜಕೀಯ ಬರೆದ ನಾನು ಕೇಳಿಕೊಂಡೆನೇ?

ಹಿಂದೆ ಕೊಡಗಿಗೇ ಒಂದು ವಿಧಾನಸಭೆ ಇತ್ತು. 1952ರ ಚುನಾವಣೆಯಲ್ಲಿ 24 ಸದಸ್ಯರು ಆರಿಸಿ ಬಂದಿದ್ದರು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದೆವು. ಮುಂದೆ ಮೂರು ಕ್ಷೇತ್ರ ಉಳಿದವು, 2008ರಿಂದ ಎರಡೇ. 224ರಲ್ಲಿ ಎರಡು. ನನಗೆ ಹಳೆಯ ರಾಜ್ಯ ಮರಳಿ ಬೇಕಿಲ್ಲ. ಆದರೆ 24 ಜನರಿದ್ದ ಕಾಲದಲ್ಲಿ ತನ್ನ ದಾರಿಗೆ ಬಸ್ಸಿಲ್ಲ ಎಂದು ಹೇಳಲು ಈ ಅಕ್ಕನಿಗೆ ನಡೆದು ಮುಟ್ಟುವಷ್ಟು ದೂರದಲ್ಲಿ ಒಬ್ಬ ಸದಸ್ಯನಾದರೂ ಸಿಗುತ್ತಿದ್ದ. 2023ರಲ್ಲಿ ಕಾವೇರಿ ನೀರಿಗಾಗಿ ಬೆಂಗಳೂರು ಬಂದ್ ಆಯಿತು, ಮೂರೇ ದಿನಕ್ಕೆ ಕರ್ನಾಟಕವೇ ಬಂದ್ ಆಯಿತು. ಅದೇ ಕಾವೇರಿ 2019ರಲ್ಲಿ ಸಿದ್ದಾಪುರದ ಪಕ್ಕದ ಕರಡಿಗೋಡಿನಲ್ಲಿ ಮನೆಗಳಿಗೆ ನುಗ್ಗಿದಾಗ ಯಾವ ಊರೂ ಬಂದ್ ಆಗಲಿಲ್ಲ.

ಬರಹ ಅರ್ಧಕ್ಕೇ ನಿಂತಿದೆ. ಅದರ ಬದಲು ಸೋಮವಾರ ಒಂದು ಅರ್ಜಿ ಬರೆದೆ. ಮಂಗಳವಾರ ಸಂಜೆ ಆ ಅಕ್ಕ ಇರುವ ತೋಟದ ಲೈನಿಗೆ ಹೋದೆ. ಅಕ್ಕ ಕೆಲಸ ಮುಗಿಸಿ ಬಂದು ಒಲೆ ಹಚ್ಚುತ್ತಿದ್ದರು. ನನ್ನನ್ನು ನೋಡಿ ಮೊದಲು ಹೆದರಿದರು, ಯಾವುದೋ ಆಫೀಸಿನವನು ಅಂದುಕೊಂಡರಂತೆ. ಅರ್ಜಿ ಓದಿ ಹೇಳಿದ ಮೇಲೆ ಅಕ್ಕಪಕ್ಕದವರನ್ನೂ ಕರೆದರು. ಹನ್ನೊಂದು ಸಹಿ ಆಯಿತು, ನಾಲ್ಕು ಹೆಬ್ಬೆಟ್ಟು. ನಾಳೆ ಮಡಿಕೇರಿಗೆ ಒಯ್ಯುತ್ತೇನೆ.

"ಬಸ್ಸು ಎಷ್ಟು ಗಂಟೆಗೆ ಬೇಕೂಂತ ಬರೆಯಲಿ?" ಎಂದು ಕೇಳಿದ್ದೆ.

ಅಕ್ಕ ತೋಟದ ಕಡೆ ಒಮ್ಮೆ ನೋಡಿದರು. "ಐದರ ಒಳಗೆ ಅಂತ ಬರೀರಿ ಅಣ್ಣ. ಆಮೇಲೆ ಆನೆ ಇಳೀತದೆ."