ಸೇತುವೆಯ ಬಳಿ ಒಂದು ಶಾಲು, ಮನೆಯಲ್ಲಿ ಒಂದು ಶೂ ಡಬ್ಬ

ಸ್ಯಾನ್ ಫ್ರಾನ್ಸಿಸ್ಕೊ
ಸೆಪ್ಟೆಂಬರ್ 20, 2025, ಶನಿವಾರ

ಬೆಳಗ್ಗೆ ಗೋಲ್ಡನ್ ಗೇಟ್ ಸೇತುವೆಯ ದಕ್ಷಿಣ ತುದಿಗೆ ಹೋದಾಗ ಗೋಪುರಗಳ ತಲೆ ಮಂಜಿನೊಳಗಿತ್ತು. "ದೊಡ್ಡಪ್ಪ, ಅರ್ಧ ಕಟ್ಟಿ ಬಿಟ್ಟಿದ್ದಾರೆಯೇ?" ಎಂದು ಕೇಳಿ ತಮ್ಮನ ಮಗಳು ತಾನೇ ನಕ್ಕಳು. ಒಂಬತ್ತು ವರ್ಷ ಅವಳಿಗೆ. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದ ನನಗೆ ಈ ವಯಸ್ಸಿನವರೆಂದರೆ ಇಂದಿಗೂ ಸ್ವಲ್ಪ ಭಯವೇ.

ಪ್ರವಾಸಿಗರು ಸೇರುವ ಅಂಗಳದಲ್ಲಿ, ರಸ್ತೆಯನ್ನು ತೂಗಿ ಹಿಡಿದಿರುವ ಮುಖ್ಯ ಕೇಬಲ್‌ನ ಮಾದರಿ ತುಂಡೊಂದನ್ನು ಅಡ್ಡ ಕೊಯ್ದು ಇಟ್ಟಿದ್ದಾರೆ. ವ್ಯಾಸ 92 ಸೆಂಟಿಮೀಟರ್. ಅವಳು ತೋಳು ಬಳಸಿದರೂ ಅಪ್ಪಿಗೆ ಸಿಗದಷ್ಟು ದಪ್ಪ. ಒಳಗೆಲ್ಲ ಪೆನ್ಸಿಲ್‌ಗಿಂತ ಸಣ್ಣ ತಂತಿಗಳು. ಎಣಿಸಲು ಹೊರಟವಳಿಗೆ ಮೂವತ್ತೆಂಟಕ್ಕೇ ಲೆಕ್ಕ ತಪ್ಪಿತು. ಇರುವುದು 27,572.

ಪಕ್ಕದಲ್ಲೇ ಮಾರ್ಗದರ್ಶಿಯೊಬ್ಬರು ಒಂದು ಗುಂಪಿಗೆ ಹೇಳುತ್ತಿದ್ದರು: ಎರಡೂ ಕೇಬಲ್‌ಗಳ ತಂತಿಯನ್ನು ಬಿಚ್ಚಿದರೆ ಭೂಮಿಗೆ ಮೂರು ಸುತ್ತು ಬರುತ್ತದೆ. ಎಲ್ಲರೂ ಹುಬ್ಬೇರಿಸಿದರು, ಫೋಟೊ ತೆಗೆದುಕೊಂಡರು, ಹೊರಟರು. ಈ ಭೂಮಿ ಸುತ್ತುವ ಲೆಕ್ಕ ನನಗೆ ಎಂದೂ ಹಿಡಿಸಿಲ್ಲ. ಅಚ್ಚರಿ ಹುಟ್ಟಿಸಿ ಅಲ್ಲಿಗೇ ಕೈಬಿಡುತ್ತದೆ. ಮಗು ಕೇಳಿದ್ದು ಬೇರೆ: "ಇಷ್ಟು ತಂತಿ ಯಾಕೆ? ಒಂದೇ ದಪ್ಪ ಕಂಬಿ ಸಾಲದೇ?"

ಅಚ್ಚಿನ ತೂತಿನಿಂದ ತಣ್ಣಗೇ ಎಳೆದ ಉಕ್ಕಿನ ತಂತಿ, ಅಷ್ಟೇ ಉಕ್ಕಿನ ದಪ್ಪ ಕಂಬಿಗಿಂತ ಹೆಚ್ಚು ಎಳೆತ ತಾಳುತ್ತದೆ. ಒಂದು ತಂತಿ ಬಿರುಕು ಬಿಟ್ಟರೆ ಕೇಡು ಅದರಲ್ಲೇ ಮುಗಿಯುತ್ತದೆ. ಕಂಬಿಯಲ್ಲಾದರೆ ಬಿರುಕು ಆಚೆ ತುದಿಯವರೆಗೂ ಓಡೀತು. ಮೇಲಾಗಿ ಎರಡು ಕಿಲೋಮೀಟರಿಗೂ ಉದ್ದದ ಕಂಬಿಯನ್ನು ಗೋಪುರದ ಮೇಲೆ ಏರಿಸುವವರು ಯಾರು? ತಂತಿಯನ್ನಾದರೆ ಗಾಲಿಗಳು ಜಲಸಂಧಿಯ ಮೇಲೆ ಆಚೆ ಈಚೆ ಹೊತ್ತೊಯ್ದು ಹಾಸಿದವು. 61 ಕಟ್ಟುಗಳಾಗಿ ಸೇರಿಸಿ, ಆಮೇಲೆ ಒತ್ತಿ ದುಂಡು ಮಾಡಿದರು. "ಜಡೆಯ ಹಾಗೆ ಹೆಣೆದಿಲ್ಲವೇ?" ಎಂದಳು. ಇಲ್ಲ, ಒಂದರ ಪಕ್ಕ ಒಂದು ನೆಟ್ಟಗೆ ಮಲಗಿವೆ. ಭಾರವನ್ನು ಸಮನಾಗಿ ಹಂಚಿಕೊಳ್ಳಲು.

ಗೋಪುರ ಯಾಕೆ ಅಷ್ಟೆತ್ತರ ಎಂಬುದಕ್ಕೆ ಮಾತು ಸಾಲಲಿಲ್ಲ. ನನ್ನ ಶಾಲಿನ ಒಂದು ತುದಿ ಅವಳ ಕೈಗೆ ಕೊಟ್ಟು, ನಡುವೆ ನೀರಿನ ಬಾಟಲಿಯನ್ನು ಗಂಟು ಹಾಕಿ ತೂಗಿಸಿದೆ. ಶಾಲು ಜೋಲುತ್ತಿದ್ದಾಗ ಹಿಡಿಯುವುದು ಸಲೀಸು. "ಈಗ ಇದನ್ನು ನೆಟ್ಟಗೆ ಮಾಡು ನೋಡೋಣ" ಎಂದೆ. ಹಿಂದಕ್ಕೆ ವಾಲಿ, ಹಲ್ಲು ಕಚ್ಚಿ ಎಳೆದಳು. ನೆಟ್ಟಗಾಗಲಿಲ್ಲ, ಎಷ್ಟು ಎಳೆದರೂ ಆಗುವುದಿಲ್ಲ. ಜೋಲು ಅರ್ಧವಾದರೆ ಎಳೆತ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಎರಡು ಗೋಪುರಗಳ ನಡುವಿನ 1,280 ಮೀಟರ್ ಅಂತರದಲ್ಲಿ ಕೇಬಲ್ ಧಾರಾಳವಾಗಿ ಜೋಲಬೇಕೆಂದೇ ಗೋಪುರಗಳು ರಸ್ತೆಯಿಂದ ಮತ್ತೆ 152 ಮೀಟರ್ ಮೇಲೇರಿವೆ. ನಮ್ಮನ್ನು ನೋಡುತ್ತಿದ್ದ ವೃದ್ಧ ದಂಪತಿ ತಮ್ಮ ಜಾಕೆಟ್ಟಿಗೆ ಕೈಚೀಲ ಸಿಕ್ಕಿಸಿ ಎಳೆದಾಡತೊಡಗಿದರು. ಆ ಗುಂಪಿನವರಿಗಿಂತ ಇವರಿಗೆ ಸೇತುವೆ ಹೆಚ್ಚು ಅರ್ಥವಾಗಿರಬೇಕು.

2012ರಲ್ಲಿ ಸೇತುವೆಗೆ 75 ತುಂಬಿದಾಗ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವಿನಿಂದ ಇಲ್ಲಿ ಬಯಲಿನಲ್ಲೇ ವಿಜ್ಞಾನ ಪ್ರದರ್ಶಿಕೆಗಳನ್ನು ಇಟ್ಟರು. ಒಳ್ಳೆಯ ಯೋಚನೆ. ಪಾಠದ ವಸ್ತು ಕಣ್ಣೆದುರಿಗೇ ನಿಂತಿರುವಾಗ ಅದನ್ನು ನಾಲ್ಕು ಗೋಡೆಗಳ ಒಳಗೆ ಹೇಳುವುದೇಕೆ?

ಸೇತುವೆಯ ನಡುವೆ ಬಸ್ಸು ಹಾದಾಗ ಕಾಲ ಕೆಳಗೆ ನೆಲ ನಡುಗಿತು. ಅವಳು ನನ್ನ ಕೈ ಹಿಡಿದಳು. ಭಾರಿ ಗಾಳಿಗೆ ಇದೇ ಜಾಗ ಪಕ್ಕಕ್ಕೆ 27 ಅಡಿಯವರೆಗೆ ಸರಿಯಲು ವಿನ್ಯಾಸದಲ್ಲೇ ಅವಕಾಶವಿದೆ ಎನ್ನುವುದನ್ನು ಈಚೆ ದಡಕ್ಕೆ ಬಂದ ಮೇಲೆ ಹೇಳಿದೆ.

ಅಂಗಳದಲ್ಲಿ ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಅವರ ಪ್ರತಿಮೆ ಇದೆ. ಲೆಕ್ಕದ ಬಹುಪಾಲು ಹೊರೆ ಹೊತ್ತವರು ಚಾರ್ಲ್ಸ್ ಎಲ್ಲಿಸ್. ಎಲ್ಲಿಸ್ ಅವರನ್ನು 1931ರಲ್ಲಿ ಸ್ಟ್ರಾಸ್ ಕೆಲಸದಿಂದ ಬಿಡಿಸಿದರು. 1937ರಲ್ಲಿ ಸೇತುವೆ ತೆರೆದಾಗ ಎಲ್ಲಿಸ್ ಹೆಸರು ಎಲ್ಲೂ ಇರಲಿಲ್ಲ. ಸೇತುವೆಯ ಆಡಳಿತ ಅವರ ಪಾಲನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 2007ರಲ್ಲಿ. ಇದೂ ಎಂಜಿನಿಯರಿಂಗ್ ಪಾಠದ ಭಾಗವೇ ಎಂದು ನನ್ನ ಹಟ. ಆದರೆ ಅಷ್ಟು ಹೊತ್ತಿಗೆ ಅವಳಿಗೆ ಹಸಿವಾಗಿತ್ತು.

ರಾತ್ರಿ ಮನೆಯಲ್ಲಿ ಉಳಿದ ಕಥೆ. ಈ ಸೇತುವೆಗೆ ಸಲಹೆ ಕೊಟ್ಟಿದ್ದ ಎಂಜಿನಿಯರ್ ಲಿಯೋನ್ ಮೊಯ್ಸೀಫ್, ವಾಷಿಂಗ್ಟನ್ ರಾಜ್ಯದ ಟಕೋಮಾ ತೂಗುಸೇತುವೆಯ ವಿನ್ಯಾಸಕಾರರೂ ಹೌದು. ಅದು ತೆರೆದ ನಾಲ್ಕೇ ತಿಂಗಳಿಗೆ, 1940ರ ನವೆಂಬರ್ 7ರಂದು, ಗಾಳಿಗೆ ತಿರುಚಿಕೊಂಡು ನೀರಿಗೆ ಬಿತ್ತು. ಗೋಲ್ಡನ್ ಗೇಟ್ ಸೇತುವೆಯೂ 1951ರ ಡಿಸೆಂಬರ್ 1ರ ಬಿರುಗಾಳಿಗೆ ಜೋರಾಗಿ ಹೊಯ್ದಾಡಿತು. ಕೆಲವು ಗಂಟೆ ಮುಚ್ಚಬೇಕಾಯಿತು. ಮುಂದೆ 1953-54ರಲ್ಲಿ ರಸ್ತೆಯ ಚೌಕಟ್ಟಿನ ತಳಕ್ಕೆ ಉಕ್ಕಿನ ಅಡ್ಡಪಟ್ಟಿಗಳನ್ನು ಜೋಡಿಸಿದರು.

"ಅಷ್ಟಕ್ಕೇ ಸರಿಹೋಯಿತೇ?" ಎಂದಳು. ತಮ್ಮನ ಹೊಸ ಶೂ ಡಬ್ಬವನ್ನು ಮುಚ್ಚಳ ತೆಗೆದು ಅವಳ ಕೈಗಿಟ್ಟೆ. ಎರಡು ತುದಿ ಹಿಡಿದು ಬಟ್ಟೆ ಹಿಂಡಿದಂತೆ ತಿರುಚಿದಳು, ಸುಲಭವಾಗಿ ಸೊಟ್ಟಗಾಯಿತು. ಆಮೇಲೆ ಮುಚ್ಚಳ ಹಾಕಿ ಸುತ್ತಲೂ ಟೇಪ್ ಅಂಟಿಸಿದೆವು. ಈ ಸಲ ಡಬ್ಬ ಮಣಿಯಲಿಲ್ಲ. ಅಪ್ಪನನ್ನು ಕರೆದು ಅವನ ಕೈಯಲ್ಲೂ ಪ್ರಯತ್ನ ಮಾಡಿಸಿದಳು. ಮಗುಚಿ ನೋಡಿದರೆ ಸೇತುವೆಯ ಚೌಕಟ್ಟೂ ಮುಚ್ಚಳವಿಲ್ಲದ ಡಬ್ಬವಾಗಿತ್ತು: ಮೇಲೆ ರಸ್ತೆ, ಎರಡು ಬದಿ, ತಳ ಖಾಲಿ.

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಹಾಗಾದರೆ ಮೊದಲ ಹದಿನಾರು-ಹದಿನೇಳು ವರ್ಷ ಜನ ಮುಚ್ಚಳವಿಲ್ಲದ ಡಬ್ಬದ ಮೇಲೆ ಓಡಾಡಿದರೇ?"

ಹೌದು ಎಂದೆ. ಡಬ್ಬವನ್ನು ಎತ್ತಿಕೊಂಡು ಮಲಗಲು ಹೋದಳು. ತಮ್ಮ ಶೂ ಹಿಂದಿರುಗಿಸಬೇಕೆಂದಿದ್ದನಂತೆ. ಈಗ ಡಬ್ಬವಿಲ್ಲದೆ ಅಂಗಡಿಯವರು ಒಪ್ಪುತ್ತಾರೆಯೇ ಎಂದು ಗೊಣಗುತ್ತಿದ್ದಾನೆ.